ಕುಬಾನ್ ಬೈಕೆಯ ಕುಳ್ಳ ಕಾರು

ಕಾರಿನ ಹೊಟ್ಟೆ ಸಿಮೆಂಟಿಗೆ ಉಜ್ಜಿ ಕರಕರ ಅಂತ ಸದ್ದಾಯಿತು.

ಶಾಲೆಯ ಗೇಟಿನ ಮುಂದೆ ನೀರಿನ ಕಾಲುವೆ, ಅದರ ಮೇಲೊಂದು ಚಪ್ಪಡಿ. ಬೇರೆಯವರ ಕಾರುಗಳು ಅದನ್ನು ಹತ್ತಿ ಇಳಿದು ಹೋಗುತ್ತವೆ. ಕುಬಾನನ ಕಾರು ಮಾತ್ರ ಹೊಟ್ಟೆ ಉಜ್ಜಿಕೊಂಡೇ ಹೋಗಬೇಕು. ಗೇಟಿನ ಹತ್ತಿರ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಹಿಂದಿನ ಸೀಟಿನಲ್ಲಿದ್ದ ಚೋಲ್ಪೋನ್ ಇನ್ನಷ್ಟು ಕೆಳಗೆ ಜಾರಿದಳು. ಜಾರುವುದಕ್ಕೆ ಜಾಗವಾದರೂ ಎಲ್ಲಿತ್ತು? ಆ ಕಾರಿನಲ್ಲಿ ಕೂತರೆ ರಸ್ತೆಯ ಮೇಲೇ ಕೂತ ಹಾಗೆ.

ಅವಳು ಇಳಿದು ಬ್ಯಾಗ್ ಹೆಗಲಿಗೇರಿಸುವಷ್ಟರಲ್ಲಿ ಬೆಕ್ತುರ್ ಶುರು ಮಾಡಿದ. ಅವನು ಅವಳ ಕ್ಲಾಸಿನವನೇ. ಯಾರಿಗಾದರೂ ಏನಾದರೂ ಅನ್ನದಿದ್ದರೆ ಅವನಿಗೆ ಮಧ್ಯಾಹ್ನದ ಊಟ ಅರಗುವುದಿಲ್ಲ.

"ಏನೇ ಚೋಲ್ಪೋನ್, ನಿಮ್ಮಣ್ಣ ರಸ್ತೆ ಗುಡಿಸೋ ಕೆಲಸಕ್ಕೆ ಸೇರಿದ್ನಾ?"

ಎಲ್ಲರೂ ನಕ್ಕರು. ಚೋಲ್ಪೋನಳ ಕಿವಿ ಬಿಸಿಯಾಯಿತು. ಆದರೆ ಐದನೇ ಕ್ಲಾಸಿನಲ್ಲಿ ಅವಳಷ್ಟು ಚುರುಕು ನಾಲಿಗೆ ಇನ್ನೊಬ್ಬರಿಗಿಲ್ಲ. ಬೆಕ್ತುರನ ಎದುರು ಸೋಲುವುದುಂಟೆ?

"ಗುಡಿಸೋದಲ್ಲ ಕಣೋ," ಅಂದಳು. "ಅದು ಇಸ್ತ್ರಿಪೆಟ್ಟಿಗೆ. ಟೋಕ್ಮೋಕಿನ ರಸ್ತೆಗೆಲ್ಲ ಸುಕ್ಕು ಬಿದ್ದಿದೆಯಲ್ಲ, ಅದಕ್ಕೇ ನಮ್ಮ ಬೈಕೆ ಇಸ್ತ್ರಿ ಮಾಡ್ತಾ ಹೋಗ್ತಾನೆ."

ಅವರ ಊರು ಟೋಕ್ಮೋಕಿನಲ್ಲಿ ಅಣ್ಣನನ್ನು ಬೈಕೆ ಅನ್ನುತ್ತಾರೆ. ಈ ಸಲ ನಗು ಇನ್ನೂ ಜೋರಾಗಿ ಬಂತು. ಅದು ಅವಳನ್ನು ನೋಡಿ ನಕ್ಕ ನಗುವಲ್ಲ, ಅವಳ ಮಾತಿಗೆ ನಕ್ಕ ನಗು. ಬೆಕ್ತುರ್ ಕೂಡ ಹೊಟ್ಟೆ ಹಿಡಿದುಕೊಂಡ. ಚೋಲ್ಪೋನಳಿಗೆ ಹಿತವಾಯಿತು.

ಕಾರಿನ ಕಿಟಕಿ ತೆರೆದೇ ಇತ್ತು. ಕುಬಾನನಿಗೆ ಕೇಳಿಸಿತೋ ಇಲ್ಲವೋ, ಅವನು ತಿರುಗಿ ನೋಡಲಿಲ್ಲ. ಕಾರು ಮತ್ತೆ ಚಪ್ಪಡಿಗೆ ಉಜ್ಜಿಕೊಂಡು ಹೊರಟುಹೋಯಿತು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಆ ಹೆಸರು ಎಲ್ಲರ ಬಾಯಲ್ಲಿತ್ತು. ಕ್ಲಾಸಿನ ಫೋನ್ ಗ್ರೂಪಿನಲ್ಲಿ ಯಾರೋ ಒಂದು ಇಸ್ತ್ರಿಪೆಟ್ಟಿಗೆಯ ಚಿತ್ರಕ್ಕೆ ನಾಲ್ಕು ಚಕ್ರ ಬರೆದು ಹಾಕಿದ್ದರು.

ಕುಬಾನನಿಗೆ ಇಪ್ಪತ್ತು ವರ್ಷ. ಬಜಾರಿನ ಹತ್ತಿರ ಒಂದು ಟೈರ್ ಅಂಗಡಿಯಲ್ಲಿ ಕೆಲಸ. ಹೋದ ವರ್ಷ ಜಪಾನಿನಿಂದ ಬಂದ ಹಳೇ ಕಾರೊಂದನ್ನು ಕೊಂಡಿದ್ದ. ಸ್ಟಿಯರಿಂಗ್ ಬಲಗಡೆ. ಕೊಂಡವನು ಸುಮ್ಮನೆ ಓಡಿಸಿಕೊಂಡು ಇರಬಾರದೇ? ಅದರ ಸ್ಪ್ರಿಂಗು, ಶಾಕ್ ಎಲ್ಲ ಬಿಚ್ಚಿ ಮೂಲೆಗೆಸೆದು, ಕಾಯಿಲೋವರ್ ಅನ್ನುವ ಬೇರೆ ಶಾಕ್‌ಗಳನ್ನು ಹಾಕಿದ. ದಪ್ಪ ಸ್ಪ್ರಿಂಗಿನ ನಡುವೆ ಒಂದು ಕೊಳವೆ. ಬೋಲ್ಟಿಗಿರುವ ಹಾಗೆ ಕೊಳವೆಯ ಮೈತುಂಬ ಥ್ರೆಡ್. ಒಂದು ಕಡೆ ತಿರುಗಿಸಿದರೆ ಕಾರು ಇಳಿಯುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಏರುತ್ತದೆ. ಕುಬಾನ್ ಇಳಿಸುವ ಕಡೆಗೇ ತಿರುಗಿಸುತ್ತಾ ಹೋದ.

ಯಾಕೆ ಅಂದರೆ, ಊರಾಚೆ ಮುಚ್ಚಿಹೋದ ಕಾರ್ಖಾನೆಯೊಂದಿದೆ. ಅದರ ಹಿಂದಿನ ಬಯಲಿನಲ್ಲಿ ಭಾನುವಾರ ಕುಳ್ಳ ಕಾರಿನ ಹುಡುಗರು ಸೇರುತ್ತಾರೆ. ಕಾರು ಎಷ್ಟು ಕೆಳಗಿದೆಯೋ ಹುಡುಗನಿಗೆ ಅಷ್ಟು ಮರ್ಯಾದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡುತ್ತಾರೆ. ಎರಡು ಬೆರಳು ಹೋದರೆ, "ಪರವಾಗಿಲ್ಲ" ಅನ್ನುತ್ತಾರೆ. ಒಂದು ಬೆರಳೂ ಹೋಗದಿದ್ದರೆ ಆ ಹುಡುಗನೇ ಆ ವಾರದ ರಾಜ. ಕುಬಾನನ ಕಾರಿಗೆ ಬೆರಳಿರಲಿ, ಪುಸ್ತಕದ ರಟ್ಟೂ ಹೋಗುತ್ತಿರಲಿಲ್ಲ. ರಾಜರ ರಾಜ.

ಮನೆಯಲ್ಲಿ ಮಾತ್ರ ರಾಜನನ್ನು ಕೇಳುವವರಿರಲಿಲ್ಲ. ಅದರಲ್ಲೂ ಅಜ್ಜಿ.

ಅಜ್ಜಿಯನ್ನು ಮನೆಯಲ್ಲಿ ಎಲ್ಲರೂ ಚೋನಪಾ ಅಂತ ಕರೆಯುತ್ತಿದ್ದರು. ಅವಳು ಬೆಟ್ಟದ ಕಡೆಯ ಹಳ್ಳಿಯವಳು. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು. ಆಮೇಲೆ ಮಗಳ ಮನೆಗೆ, ಅಂದರೆ ಚೋಲ್ಪೋನಳ ಮನೆಗೆ ಬಂದಳು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಿಕೊಳ್ಳಬೇಕಿತ್ತು.

ಮೊದಲ ಸಲ ಕುಬಾನನ ಕಾರಿನಲ್ಲೇ ಕರೆದುಕೊಂಡು ಹೋದರು. ಅಜ್ಜಿ ಸೀಟಿನಲ್ಲಿ ಕೂತಳು ಅನ್ನುವುದಕ್ಕಿಂತ ಬಿದ್ದಳು ಅನ್ನಬೇಕು. ವಾಪಸ್ ಬಂದ ಮೇಲೆ ಏಳಲು ಆಗಲೇ ಇಲ್ಲ. ಕುಬಾನ್ ಮುಂದಿನಿಂದ ಎಳೆದ, ಅಮ್ಮ ಹಿಂದಿನಿಂದ ನೂಕಿದಳು. ಕೊನೆಗೆ ಬೀದಿಯ ತುದಿಯ ರೊಟ್ಟಿ ಅಂಗಡಿಯವನು ಹಿಟ್ಟಿನ ಕೈಯಲ್ಲೇ ಬಂದು ಎತ್ತಿ ನಿಲ್ಲಿಸಿದ. ಬೀದಿಗೆ ಬೀದಿಯೇ ನಿಂತು ನೋಡುತ್ತಿತ್ತು. ಅಜ್ಜಿಯ ಕಪ್ಪು ಕೋಟಿನ ಮೇಲೆ ಹಿಟ್ಟಿನ ಎರಡು ದೊಡ್ಡ ಹಸ್ತ ಮೂಡಿದ್ದವು.

ಅಂದಿನಿಂದ ಅವಳು ಆ ಕಾರಿನ ಹತ್ತಿರ ಸುಳಿಯಲಿಲ್ಲ. ಒಮ್ಮೆ ಮಿನಿಬಸ್ಸಿನಲ್ಲಿ ಹೋದಳು. ಅದರ ಮೆಟ್ಟಿಲು ಎದೆಯೆತ್ತರ. ಹಿಂದಿದ್ದವನು ಬೇಗ ಬೇಗ ಅಂತ ನೂಕಿದ. ಟ್ಯಾಕ್ಸಿ ಕರೆಸುತ್ತೇನೆ ಅಂತ ಅಮ್ಮ ಅಂದಾಗ, ಗುರುತಿಲ್ಲದವನು ಎತ್ತಿ ಇಳಿಸಲು ನಾನೇನು ಆಲೂಗಡ್ಡೆ ಮೂಟೆಯೇ ಅಂತ ಕೇಳಿದಳು. ಆಮೇಲೆ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಳು. ಡಾಕ್ಟರು ಫೋನ್ ಮಾಡಿ, ಹೀಗೇ ಬಿಟ್ಟರೆ ಕೀಲು ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಬೆಟ್ಟ ಹತ್ತುವ ಮಾತೇ ಇಲ್ಲ ಅಂದರು. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋಗದ ವರ್ಷವೇ ಅಜ್ಜಿಯ ಬಾಳಿನಲ್ಲಿ ಇರಲಿಲ್ಲ. ಆದರೂ ಅವಳು, "ಕಾಲು ನಂದು, ಹ್ಯಾಗಿರುತ್ತೋ ಹಾಗಿರ್ಲಿ," ಅಂದು ಗೋಡೆಯ ಕಡೆ ತಿರುಗಿ ಕೂತಳು.

ಆದರೆ ಅವಳ ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಅಂದಳು, "ಕುಬಾನ್, ಆ ಕಾರನ್ನ ಅಂಗಳದಲ್ಲಿ ಯಾಕೆ ಬಿಡ್ತೀಯ? ನನ್ನ ಮಂಚದ ಕೆಳಗೆ ತಳ್ಳಿಬಿಡು. ಅಲ್ಲೇ ಹಿಡಿಸುತ್ತೆ."

ಚೋಲ್ಪೋನ್ ಕುಡಿಯುತ್ತಿದ್ದ ಚಹಾ ಮೂಗಿಗೆ ಬರುವ ಹಾಗೆ ನಕ್ಕಳು. ಅಮ್ಮನೂ ನಕ್ಕಳು. ಕುಬಾನ್ ರೊಟ್ಟಿ ಮುರಿದು ಜಾಮಿಗೆ ಅದ್ದಿ ತಿಂದ. ಆ ಮನೆಯಲ್ಲಿ ಚುಚ್ಚುಮಾತಿಲ್ಲದೆ ಚಹಾ ಇಳಿಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಚೋಲ್ಪೋನ್ ಅಡುಗೆಮನೆಗೆ ಬಂದಾಗ ಕುಬಾನ್ ನೆಲದ ಮೇಲೆ ಮಂಡಿಯೂರಿ ಕೂತು, ಅಜ್ಜಿ ದಿನಾ ಕೂರುವ ಮರದ ಸ್ಟೂಲಿನ ಎತ್ತರವನ್ನು ಟೇಪಿನಲ್ಲಿ ಅಳೆಯುತ್ತಿದ್ದ.

"ಇದಕ್ಕೂ ಕಾಯಿಲೋವರ್ ಹಾಕ್ತೀಯಾ ಬೈಕೆ?" ಅಂತ ಅವಳು ಕೇಳಿದಳು.

"ಹೂಂ, ಹಾಕ್ತೀನಿ. ಬಾ, ಸ್ವಲ್ಪ ಕೆಲಸ ಇದೆ," ಅಂದ ಅವನು.

ಕೆಲಸ ಏನು ಅಂತ ನೋಡಿದರೆ, ಇಳಿಸಿದ್ದ ಕಾರನ್ನು ಏರಿಸುವುದು. ಚೋಲ್ಪೋನಳಿಗೆ ನಗು ತಡೆಯಲಿಲ್ಲ. ಇಳಿಸುವುದಕ್ಕೆ ಒಂದು ಚಳಿಗಾಲ, ಏರಿಸುವುದಕ್ಕೆ ಒಂದು ಶನಿವಾರ. ಇಸ್ತ್ರಿಪೆಟ್ಟಿಗೆ ಅಂದದ್ದು ಚೆನ್ನಾಗಿ ನಾಟಿರಬೇಕು, ಅದಕ್ಕೇ ಬುದ್ಧಿ ಬಂದಿದೆ ಅಂದುಕೊಂಡಳು. ತಾನು ಗೆದ್ದೆ ಅನ್ನಿಸಿತು.

ಕುಬಾನ್ ಜಾಕ್ ಕೊಟ್ಟು ಒಂದೊಂದೇ ಚಕ್ರ ಬಿಚ್ಚಿದ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಕೆಸರು ಎಲ್ಲ ಸೇರಿ ಥ್ರೆಡ್ ಕಾಣಿಸದ ಹಾಗೆ ಮೆತ್ತಿಕೊಂಡಿತ್ತು. ತಂತಿಯ ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಬಿಟ್ಟ. ಕೊಕ್ಕೆಯಂಥ ಸ್ಪ್ಯಾನರ್ ಸಿಕ್ಕಿಸಿ, ಕೊಳವೆಯನ್ನು ಬಿಗಿಹಿಡಿದಿದ್ದ ಲಾಕ್ ರಿಂಗ್ ಸಡಿಲಿಸಿ, ಕೊಳವೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಸ್ಪ್ರಿಂಗನ್ನು ಮುಟ್ಟುವ ಹಾಗಿಲ್ಲವಂತೆ. ಕೊಳವೆ ಮಾತ್ರ ತನ್ನ ಬುಡ ಕೂತಿರುವ ಕೆಳಗಿನ ಬಟ್ಟಲಿನಿಂದ ಮೇಲೇಳಬೇಕಂತೆ. ಅವನು ಹೇಳುತ್ತಲೇ ಇದ್ದ, ಚೋಲ್ಪೋನ್ ಕೇಳುತ್ತಿರಲಿಲ್ಲ.

ಅವಳು ಫೋನಿನಲ್ಲಿ ಒಂದು ಫೋಟೊ ತೆಗೆದಳು. ಕಾರಿನ ಕೆಳಗಿಂದ ಅಣ್ಣನ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದವು. ಒಂದು ಕಾಲುಚೀಲ ತೂತಾಗಿ ಹೆಬ್ಬೆರಳು ಇಣುಕುತ್ತಿತ್ತು. "ಇಸ್ತ್ರಿಪೆಟ್ಟಿಗೆ ನಮ್ಮ ಬೈಕೆಯನ್ನು ತಿಂದುಹಾಕಿತು" ಅಂತ ಬರೆದು ಗ್ರೂಪಿಗೆ ಕಳಿಸಿದಳು. ನಗುವ ಮುಖಗಳು ಸಾಲಾಗಿ ಬಂದವು.

ಕೊನೆಗೆ ಕಾರನ್ನು ಜಾಕಿನಿಂದ ಇಳಿಸಿ, ಇಬ್ಬರೂ ಸೇರಿ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ತಳ್ಳಿದರು. ಇಳಿಸಿದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ, ಸ್ಪ್ರಿಂಗು ತನ್ನ ಜಾಗದಲ್ಲಿ ಕೂರಬೇಕು ಅಂದ ಕುಬಾನ್. ಆಮೇಲೆ ಅವನು ಮುಂದಿನ ಚಕ್ರಗಳನ್ನು ನೋಡಿಕೊಂಡ, ಹಿಂದಿನ ಎರಡನ್ನು ಚೋಲ್ಪೋನಳಿಗೆ ಬಿಟ್ಟ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಸೆಂಟಿಮೀಟರ್ ಅಂತ ಹೇಳಬೇಕು.

ಎಡಗಡೆ ಮೂವತ್ನಾಲ್ಕು. ಅವಳು ಕೂಗಿ ಹೇಳಿದಳು.

ಬಲಗಡೆ ಗೋಡೆಯ ಪಕ್ಕ ಕಾಲುವೆಯ ನೀರು ಉಕ್ಕಿ ಕೆಸರಾಗಿತ್ತು. ಆ ಕೆಸರಿನಲ್ಲಿ ಮಂಡಿಯೂರಬೇಕು. ಅದೂ ಇಂಥ ಕಾರಿಗೆ. ಚೋಲ್ಪೋನ್ ನಿಂತಲ್ಲಿಂದಲೇ ಒಮ್ಮೆ ಬಗ್ಗಿ ನೋಡಿದಳು.

"ಇಲ್ಲೂ ಅದೇ," ಅಂದಳು.

"ಮೂವತ್ನಾಲ್ಕೇ?"

"ಅದೇ ಅಂದ್ನಲ್ಲ."

ಕುಬಾನ್ ಮತ್ತೆ ಕೇಳಲಿಲ್ಲ. ನಾಲ್ಕೂ ಚಕ್ರದ ಲಾಕ್ ರಿಂಗ್ ಬಿಗಿಮಾಡಿ ಕೈ ಒರೆಸಿಕೊಂಡ.

ಅಂಗಳ ಇಳಿಜಾರು. ಅಲ್ಲಿ ಕಾರು ನೆಟ್ಟಗಿದೆಯೋ ಸೊಟ್ಟಗಿದೆಯೋ ಗೊತ್ತಾಗುವುದಿಲ್ಲ. ಅದಕ್ಕೆ ಭಾನುವಾರ ಬೆಳಿಗ್ಗೆ ಕುಬಾನ್ ಅದನ್ನು ಕಾರ್ಖಾನೆಯ ಬಯಲಿಗೆ ತೆಗೆದುಕೊಂಡು ಹೊರಟ. ಟೋಕ್ಮೋಕಿನಲ್ಲಿ ಅಷ್ಟು ಮಟ್ಟಸವಾದ ಸಿಮೆಂಟ್ ನೆಲ ಇನ್ನೊಂದಿಲ್ಲ. ಟೇಪು ಹಿಡಿಯಲು ಚೋಲ್ಪೋನಳೂ ಜೊತೆಗಿದ್ದಳು.

ಬಯಲಿನಲ್ಲಿ ಆರೇಳು ಕುಳ್ಳ ಕಾರು ಸಾಲಾಗಿ ನಿಂತಿದ್ದವು, ನೆಲ ಮೂಸುವ ನಾಯಿಗಳ ಹಾಗೆ. ಕುಬಾನನ ಕಾರು ಒಳಗೆ ಬಂದದ್ದೇ ತಡ, ಮಾತು ನಿಂತಿತು. ಮೊದಲು ಬಾಯಿ ಬಿಟ್ಟವನು ಸಂಜಾರ್, ಬೆಕ್ತುರನ ಅಣ್ಣ. ಆ ಮನೆಯವರಿಗೆ ಮಾತು ಹುಟ್ಟಿನಿಂದಲೇ ಬರುತ್ತದೆ.

"ಯಾರಪ್ಪಾ ಇದು? ದಾರಿ ತಪ್ಪಿ ಬಂದಿರೋ ಮೇಕೆ?"

ಹುಡುಗರು ಸುತ್ತ ಸೇರಿದರು. ಸಂಜಾರ್ ಚಕ್ರದ ಮೇಲೆ ಬೆರಳು ತೂರಿಸಿದ. ಬೆರಳೇನು, ಇಡೀ ಮುಷ್ಟಿ ಹೋಯಿತು. ಅವನು ಮುಷ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಪೊಲೀಸರಿಗೆ ಹೆದರಿದೆಯಾ ಅಂತ ಒಬ್ಬ ಕೇಳಿದ. ಮದುವೆಯಾಗಿ ಮಕ್ಕಳು ಮರಿ ಸಾಗಿಸ್ತೀಯಾ ಅಂತ ಇನ್ನೊಬ್ಬ ಕೇಳಿದ. ಯಾಕೆ ಏರಿಸಿದೆ ಹೇಳು, ಯಾಕೆ, ಅಂತ ಸಂಜಾರ್ ಬಿಡದೆ ಕೆಣಕಿದ.

"ಸುಮ್ನೆ," ಅಂದ ಕುಬಾನ್. "ಅನ್ನಿಸ್ತು, ಏರಿಸ್ದೆ."

ಸಂಜಾರ್ ಕಾರಿನ ಹಿಂದಕ್ಕೆ ಹೋಗಿ ನಿಂತ. ತಲೆಯನ್ನು ಒಂದು ಕಡೆಗೆ ಓರೆ ಮಾಡಿದ. ಆಮೇಲೆ ಮೆಲ್ಲಗೆ ಶಿಳ್ಳೆ ಹೊಡೆದ.

"ಇಲ್ಲಿ ಬಂದು ನೋಡ್ರೋ. ಏರಿಸಿದ್ದಷ್ಟೇ ಅಲ್ಲ, ಕುಂಟ್ತಾನೂ ಇದೆ."

ಚೋಲ್ಪೋನ್ ಇಳಿದು ನೋಡಿದಳು. ಮಟ್ಟಸವಾದ ನೆಲದ ಮೇಲೆ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹಿಂದಿನ ಬಲಗಡೆ ತಗ್ಗು. ಕಾರು ಒಂದು ಸೊಂಟ ಬಗ್ಗಿಸಿ ನಿಂತ ಹಾಗಿತ್ತು.

"ಅಳೆದೋರು ಯಾರು?" ಸಂಜಾರ್ ಕೇಳಿದ. "ಕಣ್ಣು ಮುಚ್ಕೊಂಡು ಅಳೆದ್ರಾ?"

ಚೋಲ್ಪೋನಳ ಕೈಯಲ್ಲಿ ಟೇಪು ಇತ್ತು. ಅವಳು ಅದನ್ನು ಕೋಟಿನ ಜೇಬಿಗೆ ತುರುಕಿದಳು.

"ನಾನೇ," ಅಂದ ಕುಬಾನ್.

"ನೀನೇ? ಟೈರ್ ಅಂಗಡಿಯೋನು?" ಸಂಜಾರ್ ನಕ್ಕ. "ಆಯ್ತು ಬಿಡು. ಇಸ್ತ್ರಿಪೆಟ್ಟಿಗೆ ಬಿಸಿ ಜಾಸ್ತಿಯಾಗಿ ಸೊಟ್ಟಗಾಗಿದೆ."

ಎಲ್ಲರೂ ಒಟ್ಟಿಗೆ ನಕ್ಕರು. ಕುಬಾನ್ ಮಾತ್ರ ಅರ್ಥವಾಗದೆ ನೋಡಿದ. "ಏನಂದೆ?"

"ನಿನ್ನ ಕಾರಿನ ಹೆಸರು. ನಿಂಗೇ ಗೊತ್ತಿಲ್ವಾ?" ಸಂಜಾರ್ ಫೋನ್ ತೆಗೆದು ಅವನ ಮುಖದ ಮುಂದೆ ಹಿಡಿದ. ತಮ್ಮನಿಂದ ಬಂದದ್ದು ಅಂದ.

ಚೋಲ್ಪೋನಳಿಗೆ ಫೋನ್ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಚಾಚಿದ ಎರಡು ಕಾಲು, ತೂತಾದ ಕಾಲುಚೀಲ, ಕೆಳಗೆ ತನ್ನ ಹೆಸರು, ತನ್ನ ಮಾತು. ಕ್ಲಾಸಿನಲ್ಲಿ ಅಷ್ಟು ತಮಾಷೆಯಾಗಿದ್ದ ಮಾತು ಇಲ್ಲಿ, ಈ ದೊಡ್ಡ ಹುಡುಗರ ಬಾಯಲ್ಲಿ, ಬೇರೆ ಏನೋ ಆಗಿತ್ತು. ಇಲ್ಲಿ ಅವಳ ಅಣ್ಣ ರಾಜನಾಗಿದ್ದವನು.

ಕುಬಾನ್ ಸ್ವಲ್ಪ ಹೊತ್ತು ಫೋಟೊ ನೋಡಿದ. ಫೋನನ್ನು ವಾಪಸ್ ಕೊಟ್ಟ.

"ಕಾಲುಚೀಲ ತೊಗೋಬೇಕು," ಅಂದ, ಅಷ್ಟೆ.

ಅವನು ಕಾರನ್ನು ಬಯಲಿನ ಇನ್ನೊಂದು ತುದಿಗೆ, ಮರಗಳ ಹತ್ತಿರ ತಂದು ನಿಲ್ಲಿಸಿದ. ಡಿಕ್ಕಿಯಿಂದ ಜಾಕ್ ತೆಗೆದ. ದೂರದಿಂದ ಹುಡುಗರ ನಗು ಆಗಾಗ ತೇಲಿ ಬರುತ್ತಿತ್ತು. ಚೋಲ್ಪೋನ್ ಬೈಗುಳಕ್ಕೆ ಕಾದಳು. ಬೈದರೆ ತಿರುಗಿ ಏನಾದರೂ ಅನ್ನಬಹುದು, ಅತ್ತಾದರೂ ಬಿಡಬಹುದು. ಅವನು ಬೈಯಲಿಲ್ಲ. ನಟ್ಟುಗಳನ್ನು ಬಿಚ್ಚಿ ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

"ಬೈಕೆ," ಅಂದಳು ಕೊನೆಗೆ. "ನಿನ್ನೆ ಆ ಚಕ್ರ ನಾನು ಅಳೀಲೇ ಇಲ್ಲ."

"ಗೊತ್ತಾಯ್ತು. ಆ ಕಡೆ ಅಷ್ಟು ಕೆಸರು. ನಿನ್ನ ಪ್ಯಾಂಟಿಗೆ ಒಂದು ಹನೀನೂ ಆಗಿರ್ಲಿಲ್ಲ."

"ಮತ್ತೆ ನೀನೇ ಅಳೆದೆ ಅಂತ ಯಾಕಂದೆ?"

ಕುಬಾನ್ ಸ್ಪ್ಯಾನರ್ ಹುಡುಕುತ್ತಿದ್ದ. ಸ್ಪ್ಯಾನರ್ ಸಿಕ್ಕಿದ ಮೇಲೆ, "ಬೇಗ ಆಗ್ಬೇಕು. ನಾಳೆ ಒಂಬತ್ತಕ್ಕೆ ಚೋನಪಾನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು," ಅಂದ.

ಚೋಲ್ಪೋನ್ ಅವನನ್ನೇ ನೋಡಿದಳು. ಆಮೇಲೆ ಕಾರಿನ ಸೀಟನ್ನು ನೋಡಿದಳು. ಅಡುಗೆಮನೆಯ ಸ್ಟೂಲು ಕಣ್ಣ ಮುಂದೆ ಬಂತು. ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಏಳುವುದು ಅದೊಂದರಿಂದ ಮಾತ್ರ.

"ಏರಿಸಿದ್ದು ಚೋನಪಾಗಾ?"

"ಮತ್ತಿನ್ಯಾರಿಗೆ?"

"ಅವರು ಅಷ್ಟು ಕೇಳಿದ್ರಲ್ಲ, ಯಾಕೆ ಏರಿಸ್ದೆ ಅಂತ. ಹೇಳಿದ್ರೆ ಸುಮ್ಮನಾಗ್ತಿದ್ರು."

"ಚೋನಪಾನ ಕಾಲಿನ ವಿಷಯ ಅವರಿಗ್ಯಾಕೆ?" ಅಂದ ಕುಬಾನ್. ಅದನ್ನು ಅವನು ದೊಡ್ಡ ಮಾತು ಅನ್ನುವ ಹಾಗೆ ಹೇಳಲಿಲ್ಲ. ಸ್ಪ್ಯಾನರನ್ನು ರಿಂಗಿಗೆ ಸಿಕ್ಕಿಸುತ್ತಾ ಹೇಳಿದ.

ಚೋಲ್ಪೋನ್ ಜೇಬಿನಿಂದ ಟೇಪು ತೆಗೆದಳು. ಈ ಸಲ ನೆಲದ ಮೇಲೆ ಮಲಗಿಯೇ ನೋಡಿದಳು. ಮೊದಲು ಮೂವತ್ತೆರಡು ಇತ್ತು. ಕುಬಾನ್ ಕೊಳವೆ ತಿರುಗಿಸಿದ, ಇಳಿಸಿದರು, ತಳ್ಳಿದರು, ಮತ್ತೆ ಅಳೆದಳು. ಮೂವತ್ಮೂರೂವರೆ. ಮತ್ತೆ ಜಾಕ್ ಏರಿಸಿದರು. ಮೂವತ್ನಾಲ್ಕು ಬಂದಾಗ ಅವಳು ಕೂಡಲೇ ಹೇಳಲಿಲ್ಲ. ಸ್ವಲ್ಪ ತಾಳು ಅಂದು, ಟೇಪು ಓರೆಯಾಗಿಲ್ಲ ತಾನೆ ಅಂತ ಇನ್ನೊಮ್ಮೆ ನೋಡಿ, ಆಮೇಲೆ ಹೇಳಿದಳು. ಅವಳ ಕೂದಲ ತುಂಬ ಧೂಳು.

ಕಾರು ನೆಟ್ಟಗೆ ನಿಂತಿತು. ಕುಬಾನ್ ಬಾಗಿಲು ತೆರೆದು ನೆಲದಿಂದ ಸೀಟಿನ ಎತ್ತರ ಅಳೆದ. ಅಳೆದು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಸ್ಟೂಲಿಗಿಂತ ಇನ್ನೂ ನಾಲ್ಕು ಬೆರಳು ತಗ್ಗು.

"ಇನ್ನೂ ತಿರುಗಿಸು," ಅಂದಳು ಚೋಲ್ಪೋನ್.

ಆಗುವುದಿಲ್ಲ ಅಂದ. ಬಟ್ಟಲಿನ ಒಳಗೆ ಇಷ್ಟು ಥ್ರೆಡ್ ಕಚ್ಚಿಕೊಂಡಿರಲೇಬೇಕು, ಇನ್ನೂ ಏರಿಸಿದರೆ ದಾರಿಯಲ್ಲಿ ಕಳಚಿಕೊಳ್ಳುತ್ತದೆ. ಇಷ್ಟೇ ಇದರ ಎತ್ತರ. ಹುಡುಗರು ಅಷ್ಟು ನಕ್ಕಾಗ ಬಾಡದ ಅವನ ಮುಖ ಈಗ ಬಾಡಿತ್ತು.

ದಾರಿಯಲ್ಲಿ ಚೋಲ್ಪೋನ್, ಆ ಫೋಟೊ ಅಳಿಸಿಬಿಡುತ್ತೇನೆ ಅಂದಳು.

"ಅಳಿಸು. ನೋಡೋರು ನೋಡಾಯ್ತಲ್ಲ," ಅಂದ ಕುಬಾನ್. ಅವನ ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಅಜ್ಜಿ ಬರುವುದಿಲ್ಲ ಅಂದಳು. ಅಮ್ಮ ಬೇಡಿಕೊಂಡಳು. ಕಾರನ್ನು ಏರಿಸಿದ್ದೇನೆ, ಒಮ್ಮೆ ನೋಡಿ ಅಂತ ಕುಬಾನ್ ಅಂದ. ಕಪ್ಪೆಯನ್ನು ಏರಿಸಿದರೆ ಕುದುರೆ ಆಗುತ್ತಾ ಅಂತ ಅಜ್ಜಿ ಕೇಳಿದಳು.

ಚೋಲ್ಪೋನಳ ಶಾಲೆ ಮಧ್ಯಾಹ್ನದ ಪಾಳಿ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಅಜ್ಜಿಯನ್ನು ಬೇಡಿ ಒಲಿಸಲಾಗದು ಅಂತ ಅವಳಿಗೆ ಚೆನ್ನಾಗಿ ಗೊತ್ತು, ಏಕೆಂದರೆ ತನ್ನ ನಾಲಿಗೆ ಬಂದದ್ದೇ ಅಜ್ಜಿಯ ಕಡೆಯಿಂದ.

"ಬಿಡು ಬೈಕೆ," ಅಂದಳು. "ಚೋನಪಾಗೆ ಭಯ. ಬೀದಿಯವರೆಲ್ಲ ಕಿಟಕೀಲಿ ಕಾಯ್ತಿದ್ದಾರಲ್ಲ, ಅದಕ್ಕೆ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಭಯ? ನಂಗೆ? ನನ್ನ ಕೋಲು ಕೊಡೇ ಇಲ್ಲಿ."

ಅಂಗಳಕ್ಕೆ ಬಂದು ಅಜ್ಜಿ ಕೋಲಿನಿಂದ ಕಾರಿನ ಟೈರಿಗೆ ಎರಡು ಸಲ ತಟ್ಟಿದಳು. ಸೀಟಿನ ಹತ್ತಿರ ಹೋಗಿ, ಹಿಂದು ಮುಂದಾಗಿ ನಿಂತು, ಸೀಟು ತನಗೆ ಎಲ್ಲಿಗೆ ತಾಗುತ್ತದೆ ಅಂತ ನೋಡಿಕೊಂಡಳು.

"ಮೊದಲಿನಷ್ಟು ಇಲ್ಲ. ಆದ್ರೂ ತಗ್ಗು," ಅಂದಳು.

"ಅದಕ್ಕಿಂತ ಮೇಲೆ ಹೋಗಲ್ಲ ಚೋನಪಾ," ಅಂದ ಕುಬಾನ್. "ಎರಡು ದಿನ ಅದನ್ನೇ ಮಾಡಿದ್ವಿ."

"ಎರಡು ದಿನ ಇಬ್ಬರೂ ಮಣ್ಣಲ್ಲಿ ಹೊರಳಾಡಿ ಇಷ್ಟಾ ಮಾಡಿದ್ದು? ಈ ಮನೇಲಿ ಕೌದಿಗೇನು ಬರವಾ? ಮಡಿಸಿ ಹಾಕೋಕೆ ಯಾರಿಗೂ ತಲೆ ಓಡ್ಲಿಲ್ವಾ?"

ಚೋಲ್ಪೋನ್ ಒಳಗೋಡಿ ಅಜ್ಜಿಯ ದಪ್ಪ ಹತ್ತಿಯ ಕೌದಿ ತಂದಳು. ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿದರು. ಅಜ್ಜಿ ಬಾಗಿಲು ಹಿಡಿದು ಮೆಲ್ಲಗೆ ಕೂತಳು. ಈ ಸಲ 'ಬಿದ್ದಳು' ಅನ್ನುವ ಹಾಗಿರಲಿಲ್ಲ. ತಲೆಯ ವಸ್ತ್ರ ಕಾರಿನ ಚಾವಣಿಗೆ ತಾಗುತ್ತಿತ್ತು, ಅದಕ್ಕೂ ಒಂದಿಷ್ಟು ಬೈದಳು.

ಆಸ್ಪತ್ರೆಯ ಅಂಗಳದಲ್ಲಿ ಬೆಂಚಿನ ತುಂಬ ಜನ. ಅವರ ಎದುರೇ ಇಳಿಯಬೇಕಿತ್ತು. ಕುಬಾನ್ ಕೈ ಕೊಡಲು ಬಂದ. ಅಜ್ಜಿ ಬೇಡ ಅಂತ ಕೋಲು ಆಡಿಸಿದಳು. ಒಂದು ಕಾಲು ಹೊರಗಿಟ್ಟಳು, ಆಪರೇಷನ್ ಆದ ಕಾಲನ್ನು ಎರಡು ಕೈಯಿಂದ ಎತ್ತಿ ಇಟ್ಟಳು. ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ಎದ್ದು ನಿಂತಳು. ಒಬ್ಬಳೇ.

ಬೆಂಚಿನ ತುದಿಯಲ್ಲಿ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದ ಗಂಡಸೊಬ್ಬ ನಗುತ್ತಾ, "ಅಜ್ಜೀ, ಇದ್ಯಾವ ಕಾರು? ತೊಟ್ಟಿಲಿಂದ ಎದ್ದು ಬಂದ ಹಾಗೆ ಬಂದ್ರಲ್ಲ?" ಅಂದ. ಪಕ್ಕದ ಇಬ್ಬರು ನಕ್ಕರು.

ಚೋಲ್ಪೋನ್ ಕಾದಳು. ಅದು ಅಜ್ಜಿಗೆ ಬಲು ಇಷ್ಟವಾಗುವಂಥ ಮಾತು. ಮನೆಯಲ್ಲಾಗಿದ್ದರೆ ಅಜ್ಜಿಯೇ ಅದನ್ನು ಅನ್ನುತ್ತಿದ್ದಳು. ಈಗ ಅವನ ಜೊತೆ ಸೇರಿ ಇನ್ನೂ ನಾಲ್ಕು ಮಾತು ಸೇರಿಸುತ್ತಾಳೆ ಅಂದುಕೊಂಡಳು.

ಅಜ್ಜಿ ನಗಲಿಲ್ಲ. ನಿಧಾನಕ್ಕೆ ಅವನ ಕಡೆ ತಿರುಗಿದಳು.

"ನನ್ನ ಮೊಮ್ಮಗನ ಕಾರು," ಅಂದಳು. "ಅವನೇ ಕೈಯಾರೆ ನನ್ನ ಎತ್ತರಕ್ಕೆ ಸರಿ ಮಾಡಿದ್ದು. ನಿಂಗೆ ಹಾಗೆ ಮಾಡೋರು ಯಾರಾದ್ರೂ ಇದ್ದಾರಾ ಮಗಾ?"

ಆ ಗಂಡಸು ನಗು ನುಂಗಿಕೊಂಡು ತನ್ನ ಬ್ಯಾಂಡೇಜನ್ನು ನೋಡತೊಡಗಿದ. ಪಕ್ಕದವರು ಸರಿದು ಜಾಗ ಬಿಟ್ಟರು. ಅಜ್ಜಿ ಕೂರಲಿಲ್ಲ. ನೆಟ್ಟಗೆ ನಡೆದು ಒಳಗೆ ಹೋದಳು.

ಕುಬಾನ್ ಏನೂ ಕೇಳಿಸಿಕೊಳ್ಳದವನ ಹಾಗೆ ಕೌದಿಯನ್ನು ಕೊಡವಿ ಮತ್ತೆ ಹಾಸುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು. ಚೋಲ್ಪೋನ್ ಕಾರಿಗೆ ಒರಗಿ ನಿಂತು, ಅಜ್ಜಿ ಹೋದ ಬಾಗಿಲನ್ನೇ ತುಂಬ ಹೊತ್ತು ನೋಡಿದಳು. ಇಷ್ಟು ದಿನ ಒಂದೇ ಮನೆಯಲ್ಲಿ ಕೂತು ಒಂದೇ ಮಾತಿಗೆ ನಕ್ಕಿದ್ದರು. ತಾನು ಅಜ್ಜಿಯ ಹಾಗೆಯೇ ಅಂದುಕೊಂಡಿದ್ದಳು.

ವ್ಯಾಯಾಮ ಮುಗಿಸಿ ಬಂದಾಗ ಅಜ್ಜಿಗೆ ಸುಸ್ತಾಗಿತ್ತು. ಈ ಸಲ ಕುಬಾನನ ಕೈ ಹಿಡಿದೇ ಕೂತಳು. ಬೆಂಚಿನ ಮೇಲೆ ಬೇರೆ ಜನ ಇದ್ದರು, ಅವರೂ ನೋಡುತ್ತಿದ್ದರು. ಕಾರು ಹೊರಟು ಮೊದಲ ಗುಂಡಿಯ ಮೇಲೆ ಹಾರಿ ಬಿತ್ತು. ಅಜ್ಜಿಯ ತಲೆ ಚಾವಣಿಗೆ ತಾಗಿತು.

"ಇದಕ್ಕೆ ಸ್ಪ್ರಿಂಗ್ ಹಾಕಿದ್ದೀಯೋ ಕಲ್ಲು ಹಾಕಿದ್ದೀಯೋ?" ಅಂತ ಶುರುವಾಯಿತು. "ನನ್ನ ಸೊಂಟ ರಿಪೇರಿ ಮಾಡ್ಸಿದ್ದು ಇದಕ್ಕೇನಾ? ಕತ್ತೆಗಾಡಿ ಇದಕ್ಕಿಂತ ವಾಸಿ. ಕತ್ತೆಗಾದ್ರೂ ಗುಂಡಿ ಕಾಣುತ್ತೆ."

ಚೋಲ್ಪೋನಳಿಗೆ ಒಳ್ಳೆಯದೊಂದು ಮಾತು ನಾಲಿಗೆಯ ತುದಿಗೆ ಬಂತು. ಅವಳು ಹೊರಗೆ ನೋಡಿದಳು. ಕಾರು ಇನ್ನೂ ಆಸ್ಪತ್ರೆಯ ಗೇಟನ್ನು ದಾಟಿರಲಿಲ್ಲ. ಪಕ್ಕದಲ್ಲಿ ಜನ ನಡೆದು ಹೋಗುತ್ತಿದ್ದರು.

ಅವಳು ಮೊದಲು ತನ್ನ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿದಳು.

"ಕತ್ತೆಗೆ ಗುಂಡಿ ಕಾಣುತ್ತೆ ಚೋನಪಾ," ಅಂದಳು ಆಮೇಲೆ. "ಆದ್ರೆ ಪಾಪ, ನಮ್ಮ ಬೈಕೆಗೆ ಕತ್ತೆಯಷ್ಟು ಎತ್ತರ ಎಲ್ಲಿದೆ?"

ಎಲ್ಲರಿಗಿಂತ ಮೊದಲು ನಕ್ಕವನು ಕುಬಾನ್.